ಪ್ರತಿ

ಎಂಬತ್ತೇಳರ ಗಂಗೋಜಿಯ ಬೆರಳಿಗೆ
ಇನ್ನೂ ಸೀಸದ ನೆನಪು.
ಮಾತಾಡುತ್ತ ಗಾಳಿಯಲ್ಲೇ ಮೊಳೆ ಹೆಕ್ಕುತ್ತಾನೆ:
ಪ ಇಲ್ಲಿ, ಅದರ ಒತ್ತು ಕೆಳಗೆಲ್ಲೋ,
ತಿ ಮೇಲಿನ ಖಾನೆಯಲ್ಲಿ.
ನಾನು ಇತಿಹಾಸದ ಮೇಡಂ; ಫೋನಿನ ರೆಕಾರ್ಡರ್ ಒತ್ತಿ
ಭಟ್ಟಿಯ ಹೊಗೆ ನುಗ್ಗುವ ಕಿಟಕಿಯ ಪಕ್ಕ ಕೂತಿದ್ದೇನೆ.
ಹೊರಗೆ ಬಿಸಿ ಮರಳಲ್ಲಿ ಅಕ್ಕಿ ಅರಳುವ ಸದ್ದು.

"ಐವತ್ತಾರು, ನವೆಂಬರ್ ಒಂದನೇ ತಾರೀಖು
ನಾಡು ಒಂದಾತು. ಹರಿಹರದ ಹೊಳೆ ದಾಟಿದ್ರೆ
ಬ್ಯಾರೆ ಸರಕಾರ ಅನ್ನೋದು ಮುಗೀತು.
ಚೌಕಿಪೇಟೆಯಾಗ ಪೇಡೆ ಹಂಚಿದ್ರು.
ಆದ ಮೂರು ದಿನಕ್ಕ, ಗಿರಣಿ ಗೇಟಿನ ಚಾದಂಗಡಿ ರೇಡಿಯೋ
ಬುಡಾಪೆಸ್ಟಿಗೆ ಟ್ಯಾಂಕು ಬಂದ್ವು ಅಂತು.
ಬುಡಾ ಒಂದೂರಂತೆ, ಪೆಸ್ಟ್ ಒಂದೂರಂತೆ,
ನಡುವೆ ಹೊಳೆ, ಹೊಳೆಗೆ ಸೇತುವೆ.
ನಮ್ಮ ಹರಿ, ನಮ್ಮ ಹರ, ಅಷ್ಟೇ ಅಂದ್ಕಂಡೆ."

ಕಾಮ್ರೇಡ್ ಏಕಾಂತಯ್ಯ ರಾತ್ರಿಯೆಲ್ಲ ಬರೆದ.
ಹದಿನಾರು ಪುಟ, ಎರಡಾಣೆ, ಐನೂರು ಪ್ರತಿ:
ಹಂಗೆರಿಯ ಪ್ರತಿಕ್ರಾಂತಿ.
ಹತ್ತೊಂಬತ್ತರ ಹುಡುಗ ಬೆಳಗಿನ ಸೈರನ್ನಿಗೆ ಮೊದಲೇ
ಜೋಡಿಸಿ ಮುಗಿಸಿದ. ಒಣಗಲು ಹರವಿದ ಮೇಲುಹಾಳೆಗಳ ತುಂಬ
ಐನೂರು ಸಲ
ಹಂಗೆರಿಯ ಕ್ರಾಂತಿ.

"ಪ್ರ ಮುಗಿದಿತ್ತು ಮೇಡಂ. ಖಾನೆ ಖಾಲಿ.
ಒಳಪುಟ ಎಲ್ಲಾ ನುಂಗಿತ್ತು.
ಪ್ರಜಾಪ್ರಭುತ್ವ ಅನ್ನಾಕ ಸಲಕ್ಕ ಎಲ್ಡು ಬೇಕಲ್ರೀ."
ಪ್ರ ಮುಗಿದರೆ ಸರಿ, ತಿ ಯಾಕೆ ಬಿಟ್ಟೆ? ಕಮಿಟಿ ಕೇಳಿತು.
"ತಿಕ್ರಾಂತಿ ಅಂತ ಹಾಕ್ಲೇನ್ರೀ ಅಂದೆ.
ಯಾರೂ ನಗಲಿಲ್ಲ."
ತಪ್ಪು–ಒಪ್ಪು ಪಟ್ಟಿ ಸಾಲದು,
ತಪ್ಪೊಪ್ಪಿಗೆ ಬೇಕು ಎಂದರು.
ಏಕಾಂತಯ್ಯ ಹೇಳಿದ, ಇವನು ಬರೆದ,
ತನ್ನ ಕೈಬರಹದಲ್ಲಿ ಬೇರೆಯವರ ಪಶ್ಚಾತ್ತಾಪ.

(ಆ ದೇಶದಲ್ಲೂ ಹಾಗೆಯೇ ಎಂದು ಓದಿದ್ದೇನೆ.
ಬಾಯಿಪಾಠ ಮಾಡಿಸಿದ ತಪ್ಪೊಪ್ಪಿಗೆ, ಆಮೇಲೆ ಹಗ್ಗ.
ಇಲ್ಲಿ ಹಗ್ಗವಿರಲಿಲ್ಲ. ಎರಡು ತಿಂಗಳು ಸಂಬಳವಿರಲಿಲ್ಲ.)

ತಿದ್ದಿದ ಪದದ ಚೀಟಿ ಅಚ್ಚಾದವು. ಮೈದಾ ಅಂಟಿನಲ್ಲಿ
ನಲವತ್ತಕ್ಕೆ ಹಚ್ಚುವಷ್ಟರಲ್ಲಿ ಎಲ್ಲರಿಗೂ ಬೇಸರ ಬಂತು.
ಉಳಿದದ್ದು ತೂಕಕ್ಕೆ ಹೋಯಿತು.
ಆ ಚಳಿಗಾಲ ಊರು
ಕ್ರಾಂತಿಯ ಪೊಟ್ಟಣದಲ್ಲಿ ಮಂಡಕ್ಕಿ ತಿಂದು
ಮಿರ್ಚಿಯ ಎಣ್ಣೆಗೈ ಅದಕ್ಕೇ ಒರೆಸಿತು.

ಎಂಬತ್ತೊಂಬತ್ತು. ಗಿರಣಿಯ ಚಿಮಣಿಯಲ್ಲಿ ಪಾರಿವಾಳ.
ಅಲ್ಲಿಯ ಇತಿಹಾಸಕಾರರೇ ಕೂತು
ಹಳೆಯ ಪದ ತೆಗೆದು, ಜನರ ಬಂಡಾಯ ಎಂದು ಬರೆದರು.
ಜೂನಿನಲ್ಲಿ, ಬೋರಲು ಹೂತಿದ್ದವರನ್ನು ಎತ್ತಿ
ಮರ್ಯಾದೆಯಿಂದ ಮತ್ತೆ ಮಣ್ಣು ಮಾಡಿದರು.
ಪೇಪರು ಸುರುಳಿ ಸುತ್ತಿ ಕಂಕುಳಲ್ಲಿಟ್ಟು
ಸೈಕಲ್ ತಳ್ಳಿಕೊಂಡು ಬಂದ ಏಕಾಂತಯ್ಯ.
ಕ್ಷಮೆ ಗಿಮೆ ಏನೂ ಕೇಳಲಿಲ್ಲ.
ಟ್ರಂಕಿನಲ್ಲಿ ಕಾಪಿಟ್ಟಿದ್ದ ತನ್ನ ಪ್ರತಿ ತೆಗೆದು
ಒಂದು ಲೋಟ ನೀರು ಕೇಳಿ, ಹೆಬ್ಬೆರಳು ಅದ್ದಿ
ಚೀಟಿಯ ಅಂಚು ಉಜ್ಜತೊಡಗಿದ.
ಮೂವತ್ತಮೂರು ವರ್ಷದ ಮೈದಾ.
ಬಂತು ಚೀಟಿ,
ಕೆಳಗಿನ ಪದವನ್ನೂ ಕಿತ್ತುಕೊಂಡು.

"ಅದೇ ಇದು." ನನ್ನ ಮಡಿಲಿಗಿಡುತ್ತಾನೆ.
ಹಂಗೆರಿಯ, ಆಮೇಲೆ ತೂತು.
ತೂತಿನೊಳಗಿಂದ ಮೊದಲ ಪುಟದ ಅರ್ಧ ಸಾಲು ಇಣುಕುತ್ತದೆ:
ಸಂಗಾತಿಗಳೇ, ನಿಜವೇನೆಂದರೆ

ದುರ್ಗದ ಕೋಟೆಯಲ್ಲಿ ಶಾಸನಕ್ಕೆ ಒದ್ದೆ ಕಾಗದ ಒತ್ತಿ
ಮಸಿ ತಟ್ಟಲು ಕಲಿಸಿದ ಗುರುಗಳು ಹೇಳುತ್ತಿದ್ದರು:
ಕಲ್ಲು ಸವೆದ ಕಡೆ ಊಹೆ ತುಂಬಬೇಡ,
ಹೋದ ಅಕ್ಷರಕ್ಕೊಂದು ಚುಕ್ಕಿ ಇಡು.
ಹಾಗೇ ಮಾಡುತ್ತೇನೆ ಅಂದೆ.

ಗಂಗೋಜಿ ಕನ್ನಡಕ ಒರೆಸಿಕೊಂಡ.
"ಎಷ್ಟು ಚುಕ್ಕಿ ಮೇಡಂ?
ಎರಡಿಟ್ರೆ ನಂದು,
ನಾಲ್ಕಿಟ್ರೆ ಅವರ್ದು."