ಥೋರಾಳಿಗೆ, ವ್ಯಾನಿನ ಮೆಟ್ಟಿಲ ಮೇಲೆ

ಬಾ ಥೋರಾ, ಬಾಗಿಲು ಹಾಕಿಕೋ. ಈ ಗಾಳಿ
ಹಾಳೆ ತಿರುವಿ ತಿರುವಿ ಓದದೇ ಮುಗಿಸುತ್ತದೆ ಎಲ್ಲವನ್ನೂ.
ಹೋದ ಮಂಗಳವಾರ ವ್ಯಾನು ಬರಲಿಲ್ಲ ಅಂತ ಬೈದೆಯಂತೆ,
ಅಂಚೆಯವನು ಹೇಳಿದ.
ಎರಡು ದೋಣಿ, ಮೂರು ರೈಲು ಹಿಡಿದು
ದಕ್ಷಿಣಕ್ಕೆ ಹೋಗಿದ್ದೆ ಮಾರಾಯ್ತಿ,
ನಾನೂರು ವರ್ಷದ ಹಳೆ ಕಾಲೇಜು,
ಅದರ ಗ್ರಂಥಾಲಯ ನೋಡೋಕೆ.
ಕೌನ್ಸಿಲ್ಲು ದುಡ್ಡು ಕೊಟ್ಟಿತು. ಯಾಕೆ ಅಂತ ಕೇಳಬೇಡ,
ಮೂವತ್ತು ವರ್ಷ ಸ್ಟೇರಿಂಗು ಹಿಡಿದದ್ದಕ್ಕೆ ಬಹುಮಾನವೋ,
ಇನ್ನು ಸಾಕು ಅನ್ನುವ ಸೂಚನೆಯೋ.

ಬಾಗಿಲಲ್ಲೇ ನಿಂತಿದ್ದರು ಅಂಬ್ರೋಸ್ ಹ್ಯಾಡೋ,
ಕೈಯಲ್ಲಿದ್ದ ಬೀಗದ ಕೈಯಷ್ಟೇ ತೆಳ್ಳಗೆ, ಅಷ್ಟೇ ತಣ್ಣಗೆ.
ಛತ್ರಿ ಹೊರಗಿಡಿ, ಪೆನ್ನು ಹೊರಗಿಡಿ, ಚೀಲ ಹೊರಗಿಡಿ.
ಉಸಿರೊಂದು ಉಳಿದಿತ್ತು. ಅದನ್ನೂ
ಸಣ್ಣಗೆ ಬಿಡಿ ಅಂದರು, ತೇವ ಆಗದು ಅಂತ.

ಒಳಗೆ ಏನು ನೋಡಿದೆ ಗೊತ್ತಾ?
ಕೊಟ್ಟಿಗೆ.
ನಿಮ್ಮನೆ ದನ ಅಕ್ಟೋಬರಿಗೆ ಒಳಗೆ ಕಟ್ಟಿದರೆ
ಏಪ್ರಿಲಿನವರೆಗೆ ಹೇಗೆ ಸಾಲಾಗಿ ನಿಂತಿರುತ್ತವೋ ಹಾಗೆ
ಪುಸ್ತಕ, ಪುಸ್ತಕ, ಒಂದೊಂದಕ್ಕೂ ಸರಪಳಿ.
ಬೆನ್ನು ಗೋಡೆಗೆ, ಹಾಳೆಯಂಚು ನಮ್ಮ ಕಡೆಗೆ.
ಹೆಸರಿಲ್ಲ, ಅಂಚಿನ ಮೇಲೆ ಮಸಿಯಲ್ಲಿ ಒಂದು ನಂಬರು.
ಎಳೆದರೆ ಝಣ್ ಅಂತ
ಕೆಳಗಿನ ಹಲಗೆಯಷ್ಟು ದೂರ ಬಂದು ನಿಲ್ಲುತ್ತದೆ.
“ಇಲ್ಲಿಂದ ಯಾವುದೂ ಹೊರಗೆ ಹೋಗಿಲ್ಲ”
ಅಂದರು ಹ್ಯಾಡೋ, ಹೆಮ್ಮೆಯಿಂದ.

ನಮ್ಮವನ್ನು ನೆನೆದೆ:
ಮೀನು ನಾರುವವು, ಟೀ ಕುಡಿದವು,
ಕುರಿಮರಿಗೆ ಹಾಲೂಡಿಸುವಾಗ ಅಲ್ಲೇ ಮಗುಚಿ ಇಟ್ಟು ಮರೆತವು.
ಓದಿದಲ್ಲಿಗೆ ಗುರುತು ಅಂತ ಬೇಕನ್ನಿನ ಚೂರು ಇಟ್ಟು ಕೊಟ್ಟಿದ್ದೆಯಲ್ಲ
(ಇಲ್ಲ ಅನ್ನಬೇಡ, ನಿನ್ನದೇ ಅದು).
ಹಗ್ಗ ಕಿತ್ತ ಕರುಗಳ ಹಾಗೆ ಹೊಲಹೊಲ ಮೇಯ್ದು ಬರುವವು.
ನಾಚಿಕೆಯಾಯಿತು ಅಂದುಕೊಂಡೆಯಾ? ಇಲ್ಲ.
ಆ ಕಟ್ಟಿದ ದನಗಳ ಮೇಲೆ ಕನಿಕರ ಬಂತು,
ಸ್ವಲ್ಪ ಹೊಟ್ಟೆಕಿಚ್ಚೂ ಬಂತು, ಸುಳ್ಳು ಯಾಕೆ.
ಒಂದೂ ಹರಿದಿಲ್ಲ, ಒಂದೂ ಒದ್ದೆಯಿಲ್ಲ.

ಕೊನೆಯ ಸಾಲಿನಲ್ಲಿ, ಕಿಟಕಿಯ ಹತ್ತಿರ,
ಒಂದು ಸರಪಳಿ ಸುಮ್ಮನೆ ನೇತಾಡುತ್ತಿತ್ತು.
ತುದಿಯಲ್ಲಿ ಏನೂ ಇಲ್ಲ.
ಹಲಗೆಯ ಮೇಲೆ ಒಂದು ಪುಸ್ತಕದಷ್ಟು ಜಾಗ,
ಆಚೀಚಿನವು ವಾಲದೆ, ಸರಿದುಕೊಳ್ಳದೆ ಬಿಟ್ಟ ಜಾಗ.
ನಾನು ನೋಡಿದೆ. ನೋಡಿದ್ದನ್ನು ಅವರು ನೋಡಿದರು.
“ಒಂದು” ಅಂದರು, ದನಿ ಇಳಿಸಿ. “ನಕ್ಷತ್ರಗಳ ಪುಸ್ತಕ.
ಬಡ ಹುಡುಗ, ಚಳಿಗಾಲ, ಕೊಂಡಿ ಕೊಯ್ದುಕೊಂಡು ಹೋದ.
ಮುನ್ನೂರ ಅರವತ್ತು ವರ್ಷ ಆಯಿತು.”
ಮತ್ತೆ ಸರಪಳಿ ತೆಗೆಯಲಿಲ್ಲವಾ?
“ತೆಗೆದರೆ” ಅಂದರು, ಕನ್ನಡಕ ಒರೆಸಿಕೊಂಡು,
“ಬಂದ ದಿನ ಎಲ್ಲಿ ಕಟ್ಟೋದು?”
ಪ್ರತಿ ಬೇಸಿಗೆ ಮಿಕ್ಕವಕ್ಕೆ ಎಣ್ಣೆ ಹಚ್ಚುವಾಗ
ಅದಕ್ಕೂ ಹಚ್ಚುತ್ತಾರಂತೆ.

ಥೋರಾ, ಕೂತುಕೋ ಇಲ್ಲಿ, ಈ ಡಬ್ಬದ ಮೇಲೆ.
ಇಪ್ಪತ್ತೆರಡು ವರ್ಷದಿಂದ ನಿನಗೆ ಹೇಳದ್ದೊಂದಿದೆ.
ಎರ್ಲೆಂಡ್ ಆ ಸಲ ಕಡಲಿಗೆ ಇಳಿಯುವ ಮುಂಚೆ
ಇದೇ ಮೆಟ್ಟಿಲು ಹತ್ತಿ ಒಂದು ಪುಸ್ತಕ ತಗೊಂಡ,
ಬಲೆ ಎಳೆಯೋವರೆಗೆ ಹೊತ್ತು ಹೋಗಬೇಕಲ್ಲ ಅಂತ.
ಆಮೇಲೆ ದೋಣಿಯ ಹಲಗೆ ಸಿಕ್ಕಿತು, ಟೋಪಿ ಸಿಕ್ಕಿತು.
ಪ್ರತಿ ಮಾರ್ಚಿಗೆ ಆಫೀಸು ಕೇಳುತ್ತದೆ
ಬಾರದವು ಎಷ್ಟು, ಹೊಡೆದುಹಾಕಿದ್ದು ಎಷ್ಟು.
ಕಂಪ್ಯೂಟರು ಬಂದಾಗ ಕಾರ್ಡೆಲ್ಲ ಸುಟ್ಟೆವು.
ಅವನದೊಂದನ್ನು
ಸ್ಟೇರಿಂಗಿನ ಮೇಲೆ, ಬಿಸಿಲುಮರೆಯ ಹಿಂದೆ ಸಿಕ್ಕಿಸಿದ್ದೆ.
ನೋಡು, ಅಲ್ಲೇ ಇದೆ.
ಇಷ್ಟು ದಿನ ತಪ್ಪು ಲೆಕ್ಕ ಅಂದುಕೊಂಡಿದ್ದೆ.
ಆ ಮನುಷ್ಯನ ಎಣ್ಣೆಬಟ್ಟೆ ನೋಡಿದ ಮೇಲೆ
ಇದೂ ಒಂದು ಪದ್ಧತಿ ಅಂತ ಗೊತ್ತಾಯಿತು.

ಯಾವ ಪುಸ್ತಕ ಅಂತಲಾ? ತೆಗೆದು ನೀನೇ ಓದಿಕೋ.
ಹೌದು, ತೋಟಗಾರಿಕೆ.
ಮರವೊಂದು ನೆಟ್ಟಗೆ ನಿಲ್ಲದ ಈ ದ್ವೀಪದಲ್ಲಿ
ಗುಲಾಬಿ ಬೆಳೆಸುವುದು ಹೇಗೆ ಅಂತ.
ನಗು, ನಗು. ನಾನೂ ಅವತ್ತು ನಕ್ಕಿದ್ದೆ ಅವನೆದುರಿಗೇ.

ಸರಿ, ದಪ್ಪ ಅಕ್ಷರದ್ದು ಎರಡು ಬಂದಿವೆ,
ಒಂದರಲ್ಲಿ ಕೊಲೆ, ಒಂದರಲ್ಲಿ ಮದುವೆ. ಎರಡೂ ತಗೋ.
ಮೆಟ್ಟಿಲು ಒದ್ದೆಯಿದೆ, ಕೈ ಹಿಡಿ.
ಕಾರ್ಡಾ?
ಒಯ್ಯಬೇಡ. ಅಲ್ಲೇ ಸಿಕ್ಕಿಸು.