ಹಾಳು: ಒಂದು

ಫೆಬ್ರವರಿ ಬಂತೆಂದರೆ ಅಶೋಕ ರೋಡಿನ ನಮ್ಮ ಜೆರಾಕ್ಸ್ ಅಂಗಡಿಗೆ
ವಿಜ್ಞಾನದ ಜ್ವರ.
ಮೇಷ್ಟರು ಕೈಯಾರೆ ಬರೆದ ಮಾದರಿ ಪ್ರಶ್ನೆಗಳು, ಟ್ಯೂಷನ್ನಿನವರ ಪ್ರಶ್ನೆಗಳು,
ಯಾವುದೋ ಜಿಲ್ಲೆಯಿಂದ ಯಾರದೋ ಮೊಬೈಲಿಗೆ ಹಾರಿ ಬಂದವು,
ಅಂಚು ಕತ್ತರಿಸಿಹೋದವು, ಸೊಟ್ಟಗೆ ನಿಂತವು.
ಎಲ್ಲಕ್ಕೂ ಒಂದೇ ಬೆಳಕು.
ಗಾಜಿನಡಿ ಈ ತುದಿಯಿಂದ ಆ ತುದಿಗೆ
ಹಸಿರಾಗಿ ಸರಿದು, ಏನನ್ನೂ ಓದದೆ
ಎಲ್ಲವನ್ನೂ ಬರೆದುಕೊಂಡು ಬರುತ್ತದೆ.

ನಾನೂ ಹಾಗೇ ಇದ್ದೆ, ಆರು ವರ್ಷ.
ನಿಮ್ನ ದರ್ಪಣ ನೂರು ಪ್ರತಿ. ನೆಫ್ರಾನ್ ನಲವತ್ತು.
ಸಮೀಕರಣ ಸರಿದೂಗಿಸಿ, ಎರಡೂ ಬದಿ, ಪಿನ್ ಹೊಡೆದು.
ಸಂಜೆ ಓಂಕಾರಪ್ಪನವರಿಗೆ ಪುಟದ ಲೆಕ್ಕ ಒಪ್ಪಿಸಿದರಾಯಿತು.
ಪುಟದಲ್ಲಿ ಏನಿತ್ತೆಂದು ಅವರು ಕೇಳಲಿಲ್ಲ,
ಎರಡು ಅಂಕಕ್ಕೆ ವಿಜ್ಞಾನದಲ್ಲಿ ಉಳಿದವಳೆಂದು
ನಾನು ಹೇಳಲಿಲ್ಲ.
ಎರಡು ಅಂಕ ಅಂದರೆ ಒಂದೇ ಒಂದು ಪ್ರಶ್ನೆ.
ಯಾವುದಿದ್ದೀತು ಅಂತ ಈಗಲೂ
ಸಿಕ್ಕಿಕೊಂಡ ಹಾಳೆ ಬಿಡಿಸುವಾಗ ಹುಡುಕುತ್ತೇನೆ.

ಹೋದ ಮಂಗಳವಾರ ರೈಲ್ವೆ ಗೇಟು ಬಿದ್ದಿತ್ತು.
ಹಾರ್ನುಗಳ ನಡುವೆ ಸೈಕಲ್ ನೂಕುತ್ತ ಬಂದ ಹುಡುಗ,
ಕಿವಿಯ ಹಿಂದೆ ತೊಳೆದರೂ ಉಳಿದ ಭಟ್ಟಿಯ ಮಸಿ.
"ಅಕ್ಕಾ, ಪ್ರಶ್ನೆ ಅಷ್ಟೇ ತೆಗೀರಿ. ಉತ್ತರ ಬ್ಯಾಡ."
ನಲವತ್ತೆರಡು ಪುಟ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ.
"ಬರೀ ಪ್ರಶ್ನೆ ತಗೊಂಡು ಏನ್ ಮಾಡ್ತಿ?"
"ಇಪ್ಪತ್ತೊಂದೇ ರೂಪಾಯಿ ಐತಿ,"
ಆಮೇಲೆ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ,
"ಉತ್ತರ ನಾ ಬರೀತೀನಿ."

ಹೆಸರು ಜಬೀವುಲ್ಲಾ. ನಸುಕಿನ ನಾಲ್ಕಕ್ಕೆ ಮಾವನ ಮಂಡಕ್ಕಿ ಭಟ್ಟಿ,
ಹತ್ತಕ್ಕೆ ಹೈಸ್ಕೂಲು.

ಒಂಬತ್ತನೇ ಪುಟಕ್ಕೆ ಕರೆಂಟು ಹೋಯಿತು.
ಮಷೀನು ಅರ್ಧ ಉಸಿರಲ್ಲೇ ನಿಂತಿತು, ಫ್ಯಾನು ತಿರುಗಿ ತಿರುಗಿ ಸೋತಿತು.
ಹೊತ್ತು ಹೋಗಲೆಂದು ಗಾಜಿನ ಮೇಲಿದ್ದುದನ್ನೇ ಎತ್ತಿ ಓದಿದೆ:
ಬಿಸಿ ವಸ್ತುವಿಗೆ ತಾಗಿದ ಕೈ ತಕ್ಷಣ ಹಿಂದೆ ಸರಿಯುತ್ತದೆ.
ಕಾರಣ ಕೊಡಿ. ಎರಡು ಅಂಕ.

ಅವನು ಅಂಗೈ ನೋಡಿಕೊಂಡ.
"ಪರಾವರ್ತಿತ ಪ್ರತಿಕ್ರಿಯೆ ಅಕ್ಕಾ.
ಮೆದುಳಿಗೆ ಸುದ್ದಿ ಮುಟ್ಟೋತನ ಕಾಯಂಗಿಲ್ಲ,
ಮೆದುಳುಬಳ್ಳಿನೇ ಹುಕುಂ ಕೊಡತೈತಿ."
ತುಸು ತಡೆದು:
"ನಮ್ಮ ಭಟ್ಟ್ಯಾಗೆ ಮಾತ್ರ ಸರಿಯಂಗಿಲ್ಲ.
ಕೈ ಹಿಂದಕ್ಕೆ ತಗಂಡ್ರೆ ಅಕ್ಕಿ ಸೀದು ಹೋಗತೈತಿ.
ಹಂಗಂತ ಬರದ್ರೆ ಮಾರ್ಕ್ ಕೊಡ್ತಾರಾ?"

ಕೊಡುತ್ತಾರೋ ಇಲ್ಲವೋ.
ನನಗೆ ತಿದ್ದಲು ಬಿಟ್ಟಿದ್ದರೆ ಎರಡನ್ನೂ ಕೊಟ್ಟು
ಕೆಂಪು ಪೆನ್ನು ಅಲ್ಲೇ ಇಟ್ಟು ಎದ್ದುಬಿಡುತ್ತಿದ್ದೆ.

"ಈಗ ನಿಮ್ಮ ಪಾಳಿ," ಎಂದು ಅವನೇ ಹಾಳೆ ಕಿತ್ತುಕೊಂಡ.
ವಸ್ತುವನ್ನು ಪೀನ ಮಸೂರಕ್ಕೂ ಅದರ ಸಂಗಮಕ್ಕೂ ನಡುವೆ ಇಟ್ಟರೆ?
ಬಾಯಿ ತೆರೆಯುವ ಮೊದಲೇ ಬಾಯಿಂದ ಬಂತು:
ಮಿಥ್ಯ, ನೇರ, ವಸ್ತುವಿಗಿಂತ ದೊಡ್ಡದು.
ಎಲ್ಲಿತ್ತೋ ಇಷ್ಟು ದಿನ!
ಅವನು ಬಲಗಡೆ ಪುಟ ತಿರುವಿ ನೋಡಿ
ಮೇಷ್ಟರ ಹಾಗೆ ತಲೆದೂಗಿದ.

ಕರೆಂಟು ಬಂತು. ಗೇಟೂ ಎದ್ದಿತು.
ಉತ್ತರದ ಪುಟವನ್ನೂ ಮೆಲ್ಲಗೆ ಗಾಜಿನ ಮೇಲೆ ಬೋರಲು ಹಾಕಿದೆ,
ಕಾಸು ಕೇಳಬಾರದೆಂದುಕೊಂಡು.
ಅವನ ಕೈ ನಡುವೆ ಬಂತು.
"ಬ್ಯಾಡಕ್ಕಾ. ಕೈಗೆ ಸಿಕ್ರೆ ನೋಡಿಬಿಡ್ತೀನಿ."

ಹೋದ.
ಕರೆಂಟು ಹೋದಾಗ ಅರ್ಧಕ್ಕೆ ನಿಂತ ಹಾಳೆ
ಮಷೀನಿನ ಹೊಟ್ಟೆಯಲ್ಲೇ ಇತ್ತು, ಬೆಚ್ಚಗೆ:
ಮೇಲಿನ ಐದು ಪ್ರಶ್ನೆ ಕಪ್ಪಗೆ, ಕೆಳಗೆಲ್ಲ ಬಿಳಿ.
ಲೆಕ್ಕದ ಪುಸ್ತಕಕ್ಕೆ ಬರೆದೆ:
ಪ್ರತಿ ಇಪ್ಪತ್ತೊಂದು. ಹಾಳು: ಒಂದು.

ಆ ಒಂದು ಈಗ ನನ್ನ ಬುತ್ತಿಯ ಡಬ್ಬಿಯಡಿ ಮಡಚಿ ಕೂತಿದೆ.
ನಾಲ್ಕಕ್ಕೆ ಉತ್ತರ ಬರೆದಿದ್ದೇನೆ, ಬಿಳಿಯಲ್ಲಿ, ಪೆನ್ಸಿಲಿನಲ್ಲಿ.
ಸರಿಯೋ ತಪ್ಪೋ, ಉತ್ತರದ ಪುಟ ನನ್ನ ಬಳಿಯೂ ಇಲ್ಲ.
ಐದನೆಯದಕ್ಕೆ "ಏಕೆಂದರೆ" ಎಂದು ಬರೆದು ನಿಲ್ಲಿಸಿದ್ದೆ,
ಯಾರೋ ಬಂದರು,
ಆಧಾರ್ ಕಾರ್ಡು, ಎರಡು ಪ್ರತಿ.