ಶುಕ್ರವಾರ ಮುಚ್ಚುತ್ತೇನೆ

ನಾರ್ವಾ ನದಿಯ ಈ ದಡಕ್ಕೊಂದು ಕೋಟೆ,
ಆ ದಡಕ್ಕೊಂದು.
ನಡುವಿನ ಸೇತುವೆಗೂ ರಾತ್ರಿ ಬೀಗ.
ಹಳೆಯ ನೂಲಿನ ಗಿರಣಿಯ ಮೂರನೇ ಮಹಡಿಯಲ್ಲಿ
ನಾವು ಐದು ಮಂದಿ, ಕೆಮ್ಮುವ ಕಾಫಿ ಯಂತ್ರ,
ಎರಡು ತಿಂಗಳ ಬಾಡಿಗೆ ಬಾಕಿ.

ಏನು ಕಸುಬು ಎಂದರೆ ಮಾರಿಕಾ ಹೇಳುವುದು:
ಕಳ್ಳನನ್ನು ಹಿಡಿಯುವುದಲ್ಲ.
ಕಳ್ಳ ಬರುವ ಮೊದಲೇ ಊರೆಲ್ಲ ಸುತ್ತಿ
ಯಾರ ಮನೆಯ ಚಿಲಕ ಸಡಿಲ,
ಯಾರ ಬೀಗದಕೈ ಚಾಪೆಯಡಿ,
ಯಾರ ಪಾಸ್‌ವರ್ಡು ಇನ್ನೂ ಪಾಸ್‌ವರ್ಡು ಅಂತಲೇ ಇದೆ
ನೋಡಿ, ಸರಿಮಾಡಿ, ಸದ್ದಿಲ್ಲದೆ ಬರುವುದು.
ಇದಕ್ಕೆ ದುಡ್ಡು ಬಿಚ್ಚುವವರು ಕಡಿಮೆ.
ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಲು ಬರುವವರಿಗೇ
ಎಲ್ಲ ಕಡೆ ಸಂಭಾವನೆ, ಶಾಲು, ಭಾಷಣ.

ಜನವರಿ. ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಕರಾವಳಿಯ ಪುಟ್ಟ ಪಟ್ಟಣವೊಂದರ ಬಿಸಿನೀರಿನ ಕಂಪನಿ ನಮ್ಮ ಹೊಸ ಗಿರಾಕಿ:
ಒಂದೇ ಕುಲುಮೆ, ನಾಲ್ಕು ಸಾವಿರ ಮನೆ,
ಗೋಡೆಗೋಡೆಯೊಳಗೆ ಹರಿಯುವ ಕಾವು.
ನಮ್ಮ ಯಂತ್ರ ಸಾವಿರದ ಒಂಬೈನೂರು ಸೆಟ್ಟಿಂಗು ತಡವಿ
ಹಸಿರು, ಹಸಿರು, ಹಳದಿ, ಹಸಿರು ಎನ್ನುತ್ತಾ ಹೋಗಿ
ಒಂದು ಕಡೆ ಕೆಂಪಗೆ ನಿಂತಿತು.
ಇಡೀ ಜಗತ್ತಿಗೆ ತೆರೆದ ಬಾಗಿಲು.
ಅದರ ನೆತ್ತಿಯ ಮೇಲೆ ಯಾರೋ ಬರೆದ ಒಂದು ಸಾಲು:
ತಾತ್ಕಾಲಿಕ. ಶುಕ್ರವಾರ ಮುಚ್ಚುತ್ತೇನೆ.

ಯಾವ ಶುಕ್ರವಾರ?
ಬರೆದು ಹನ್ನೊಂದು ವರ್ಷ.
ಬರೆದಾತ ಈಗ ಫಿನ್ಲೆಂಡಿನಲ್ಲಿ ದೋಣಿ ಮಾರುತ್ತಾನಂತೆ.
ಅಷ್ಟೂ ಶುಕ್ರವಾರಗಳು ಆ ಬಾಗಿಲ ಮುಂದೆಯೇ ಹಾದು
ಶನಿವಾರಗಳಾಗಿ ಹೋದವು.

ಒಂದೇ ಗುಂಡಿ ಒತ್ತಿದರೆ ಸಾಕು ಎಂಬುದು ನಮ್ಮ ಜಾಹೀರಾತು.
ಹೊಸ ಹುಡುಗ ಟಾವೆಟ್ ಬೆರಳಿಟ್ಟಿದ್ದ.
ತಡಿ, ಅಂದಳು ಮಾರಿಕಾ,
ಮುಚ್ಚುವ ಮೊದಲು ಒಳಗೆ ಯಾರಿದ್ದಾರೆ ನೋಡು.

ಇದ್ದರು.
ದಿನಾ ರಾತ್ರಿ ಮೂರು ಹತ್ತಕ್ಕೆ ಒಬ್ಬರು ಬಂದು
ಏನೂ ಮುಟ್ಟದೆ, ಒಂದೇ ಒಂದು ಅಂಕಿ ನೋಡಿ
ಎರಡು ನಿಮಿಷಕ್ಕೆ ಹೊರಡುತ್ತಿದ್ದರು.
ಕಳ್ಳ, ಅಂದ ಟಾವೆಟ್.
ಹನ್ನೊಂದು ವರ್ಷ ಬರೀ ನೋಡಿ ಹೋಗುವ ಕಳ್ಳನೇನಪ್ಪಾ?

ವಿಳಾಸ ಅದೇ ಪಟ್ಟಣದ್ದು. ನಾನೇ ಫೋನು ಮಾಡಿದೆ.
ಜಿನೈದಾ ಲ್ವೋವ್ನಾ, ನಿವೃತ್ತ ಪಂಪ್ ಆಪರೇಟರ್,
ರಷ್ಯನ್ನಿನಲ್ಲಿ ಮೊದಲು ಬೈದಳು, ಆಮೇಲೆ ಹೇಳಿದಳು:
ನನ್ನ ಪಾಳಿಯಲ್ಲೇ ಕೊಳವೆ ಒಡೆದದ್ದು. ಮೂರು ಹತ್ತಕ್ಕೆ.
ಕಣ್ಣು ಹತ್ತಿತ್ತು ನನಗೆ.
ಬೆಳಗಾಗುವಾಗ ಅರ್ಧ ಊರು ಮರಗಟ್ಟಿತ್ತು.
ಆಮೇಲೆ ಕಣ್ಣು ಹತ್ತಲೇ ಇಲ್ಲ.
ಆ ಹುಡುಗ ಮರುಕಪಟ್ಟು ಕಿಂಡಿ ಮಾಡಿಕೊಟ್ಟ,
ಹಿಂದಿರುಗುವ ನೀರು ಎಷ್ಟು ಬಿಸಿ ಅಂತ ನೋಡಿದರೆ
ಮತ್ತೆ ಮಲಗಬಹುದು.

ಸ್ವಲ್ಪ ಹೊತ್ತು ಬರೀ ಉಸಿರು.
ಮುಚ್ಚಿರಿ, ಅಂದಳು.
ನಾನೊಬ್ಬಳೇ ಬರುತ್ತಿದ್ದೆ ಅಂತ ಏನು ಖಾತ್ರಿ?

ಮಾರಿಕಾ ಪರದೆಯನ್ನು ನನ್ನತ್ತ ತಿರುಗಿಸಿದಳು.
ಹೋದ ಮಂಗಳವಾರ, ನಾಲ್ಕಕ್ಕೆ ಐದು ನಿಮಿಷ ಇರುವಾಗ, ಬೇರೆ ಯಾರೋ.
ಎಲ್ಲಿಂದಲೋ.
ಅವರೂ ಏನೂ ಮುಟ್ಟಿರಲಿಲ್ಲ.
ಬಾಗಿಲ ಅಳತೆ ತೆಗೆದುಕೊಂಡು ಹೋಗಿದ್ದರು.

ಟಾವೆಟ್ ಒತ್ತಿದ.
ಕೆಂಪು ಹಸಿರಾಯಿತು. ಎಷ್ಟು ಸುಲಭ.

ವರದಿ ಬರೆಯುವ ಪಾಳಿ ನನ್ನದು.
ಕಾರಣ, ಎಂಬ ಕಡೆ ನಾಲ್ಕೇ ಆಯ್ಕೆ:
ಅಜ್ಞಾನ, ಅಜಾಗರೂಕತೆ, ದುರುದ್ದೇಶ, ಇತರೆ.
ಇತರೆ ಎಂಬುದರ ಮೇಲೆ ಬಹಳ ಹೊತ್ತು ಕೂತಿದ್ದೆ.

ಮರುರಾತ್ರಿ ಕಾವಲಿಗೆ ನಾನೊಬ್ಬನೇ.
ಮೂರು ಹತ್ತಕ್ಕೆ ಮುಚ್ಚಿದ ಬಾಗಿಲನ್ನು ಯಾರೋ ತಟ್ಟಿದರು,
ಒಂದೇ ಸಲ, ಮರೆತು ತಟ್ಟಿದ ಹಾಗೆ.
ಯಂತ್ರ ನಿರಾಕರಿಸಿ ಸಾಲು ಬರೆದುಕೊಂಡಿತು.
ಮೂರು ಹನ್ನೆರಡಕ್ಕೆ ನನ್ನ ಫೋನು.

ಎಷ್ಟಿದೆ?

ಹೇಳಕೂಡದು. ಗಿರಾಕಿಯ ಅಂಕಿ,
ಕಾಗದಕ್ಕೆ ಸಹಿ ಹಾಕಿದ್ದೇನೆ.
ಹೊರಗೆ ನದಿಯ ಮೇಲೆ ಹಿಮ ಕಟಕಟನೆ ಬಿರಿಯುತ್ತಿತ್ತು.

ನಲವತ್ತೆಂಟು, ಅಂದೆ.

ಸಾಕು, ಅಂದು ಇಟ್ಟಳು.

ತಾತ್ಕಾಲಿಕ, ಅಂದುಕೊಂಡೆ.
ಶುಕ್ರವಾರ ಮಾರಿಕಾಗೆ ಹೇಳುತ್ತೇನೆ.